ಬೆಟ್ಟಯ್ಯನ ಕಾಲಿನ ಮೇಲೆ ಬಂದ ಮಾತು

ಕುಂಬಾರಕೊಪ್ಪಲಿನಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆಲ್ಲ ಮಂಟೇಸ್ವಾಮಿಯ ಕೈ ಎಂದರೆ ನಾಡಿ ಹಿಡಿಯುವ ಪಂಡಿತರ ಕೈ ಇದ್ದ ಹಾಗೆ. ಗಾಡಿ ಬಂದು ಶೆಡ್ಡಿನ ಮುಂದೆ ನಿಂತರೆ ಅವನು ಬಾನೆಟ್ಟಿಗೆ ಕೈ ಹಾಕುತ್ತಿರಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಒಂದು ಸುತ್ತು ಹೋಗಿ ಬಂದು, ಸ್ಟೇರಿಂಗಿನ ಮೇಲೆ ಎರಡು ಬೆರಳಿಟ್ಟು, ಹಾಲು ಕರೆಯುವವಳು ಹಸುವಿನ ಮೈ ಸವರುವ ಹಾಗೆ ಸವರಿ, "ಹೂಂ, ಇಂಥದ್ದು" ಎನ್ನುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಅವನು ಹೇಳಿದ್ದೇ ನಿಜವಾಗುತ್ತಿತ್ತು. ಜನ ಆ ಒಂಬತ್ತನ್ನು ನೆನಪಿಟ್ಟುಕೊಂಡರು. ಮಂಟೇಸ್ವಾಮಿಯೂ ಆ ಒಂಬತ್ತನ್ನೇ ನೆನಪಿಟ್ಟುಕೊಂಡ. ಈ ಕಥೆ ಹತ್ತನೆಯದರದು.

ಜಯಲಕ್ಷ್ಮಿಪುರಂನಲ್ಲಿ ಕಮಲಮ್ಮ ಎಂಬವರಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಯಜಮಾನರು ವೆಂಕಟಸುಬ್ಬಯ್ಯನವರು ತೀರಿಕೊಂಡ ಮೇಲೂ ಅವರು ಕೊಂಡಿದ್ದ ಹಳೆಯ ಎಸ್ಟೀಮ್ ಕಾರನ್ನು ಆಕೆ ಮಾರಲಿಲ್ಲ. ಅದನ್ನು ಓಡಿಸುತ್ತಿದ್ದವನು ಬೆಟ್ಟಯ್ಯ, ಕುಂಬಾರಕೊಪ್ಪಲಿನವನೇ. ಅರವತ್ತು ದಾಟಿದರೂ ಇಸ್ತ್ರಿ ಮಾಡಿದ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ. ಯಜಮಾನರ ಕಾಲದಲ್ಲೇ ಆ ಸೀಟಿಗೆ ಕೂತವನು, ಅವರ ಕೊನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಶುಕ್ರವಾರ ಬಂದರೆ ಕಮಲಮ್ಮನವರನ್ನು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿ ಇಳಿಸುವುದು ಅವನ ನೇಮ.

ಒಂದು ದಸರಾಕ್ಕೆ ಮುಂಚೆ ಮಂಟೇಸ್ವಾಮಿ ಆ ಕಾರಿನ ಮುಂದಿನ ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಡಿಸ್ಕ್, ಅಂದರೆ ಬ್ರೇಕು ಕಚ್ಚಿ ಹಿಡಿಯುವ ಉಕ್ಕಿನ ತಟ್ಟೆ, ಹಾಕಿಕೊಟ್ಟ. ಕಾರು ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು. ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಬೆಟ್ಟಯ್ಯ ಕಾರನ್ನು ಮತ್ತೆ ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಕಮಲಮ್ಮನೂ ಇದ್ದರು.

"ಮಂಟೇಸ, ಬ್ರೇಕ್ ಒತ್ತುದ್ರೆ ಸ್ಟೇರಿಂಗು ಜ್ವರ ಬಂದೋರ ಕೈ ನಡುಗ್ದಂಗೆ ನಡುಗ್ತದೆ ಕಣಪ್ಪ" ಎಂದ ಬೆಟ್ಟಯ್ಯ.

ಮಂಟೇಸ್ವಾಮಿ ಒಂದು ಸುತ್ತು ಹೋಗಿ ಬಂದ. ಚಕ್ರ ಬಿಚ್ಚಿ ನೋಡಿದ. ಬಲಗಡೆಯ ಡಿಸ್ಕಿನ ಮೇಲೆ ಸುಟ್ಟ ಹೆಂಚಿನ ಹಾಗೆ ಕಪ್ಪು ಕಲೆಗಳಿದ್ದವು. ಎಡಗಡೆಯದರಲ್ಲಿ ಅಷ್ಟಾಗಿ ಇರಲಿಲ್ಲ. ಅದನ್ನು ಅವನ ಕಣ್ಣು ನೋಡಿತು, ಮನಸ್ಸು ನೋಡಲಿಲ್ಲ. ಶೆಡ್ಡಿನಲ್ಲಿ ಬೇರೆ ಮೂರು ಗಾಡಿ ಬಾಯಿ ತೆರೆದುಕೊಂಡು ನಿಂತಿದ್ದವು.

"ಇದು ಗಾಡಿ ಕಾಯಿಲೆ ಅಲ್ಲ ಕಣಮ್ಮ" ಎಂದ ಕಮಲಮ್ಮನವರಿಗೆ. "ಬೆಟ್ಟಣ್ಣನ ಕಾಲು ಭಾರ ಆಗಿದೆ. ವಯಸ್ಸಾಯ್ತಲ್ಲ. ಬೆಟ್ಟ ಇಳಿಯೋವಾಗ ನ್ಯೂಟ್ರಲ್ ಮಾಡ್ಕಂಡು ಬ್ರೇಕ್ ಮೇಲೇ ಕಾಲಿಟ್ಕಂಡು ಬರ್ತಾರೆ. ಡಿಸ್ಕ್ ಕಾದು ಕೆಂಡ ಆಯ್ತದೆ. ಇನ್ನೇನಾಗುತ್ತೆ?"

"ಇಲ್ಲ ಮಂಟೇಸ, ನಾನು ಸೆಕೆಂಡ್ ಗೇರಲ್ಲೇ ಇಳ್ಸೋದು" ಎಂದ ಬೆಟ್ಟಯ್ಯ, ಮೆಲ್ಲಗೆ.

"ನೀವಂಗೇ ಅನ್ಕಂಡಿರ್ತೀರಣ್ಣ. ಕಾಲು ನಿಮ್ಮ ಮಾತು ಕೇಳ್ಬೇಕಲ್ಲ."

ಮಾತು ನಗುನಗುತ್ತಲೇ ಬಂತು. ಕಮಲಮ್ಮ ನಗಲಿಲ್ಲ. ಬೆಟ್ಟಯ್ಯ ತನ್ನ ಬಲಗಾಲನ್ನು ಒಮ್ಮೆ ನೋಡಿಕೊಂಡ, ಅಷ್ಟೆ. ಮಂಟೇಸ್ವಾಮಿ ಹೊಸ ಡಿಸ್ಕ್ ತರಿಸಿ ಹಾಕಿದ. ಸಾಯಂಕಾಲ ಟೀ ಅಂಗಡಿಯಲ್ಲಿ ಯಾರೋ ಬೆಟ್ಟಯ್ಯನ ಕಾರಿನ ಸುದ್ದಿ ಎತ್ತಿದಾಗ, "ಬೆಟ್ಟಣ್ಣನ ಕಾಲಿಗೆ ಚಾಮುಂಡಿ ಬೆಟ್ಟದಷ್ಟೇ ತೂಕ ಕಣ್ರಪ್ಪ" ಎಂದೂ ಅಂದುಬಿಟ್ಟ. ಬೆಂಚಿನ ಮೇಲಿದ್ದವರು ಟೀ ಚೆಲ್ಲುವ ಹಾಗೆ ನಕ್ಕರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅದು ಹೋದದ್ದು ಎಲ್ಲಿಗೆಂದು ಆಡಿದವನು ಹಿಂದೆ ಹೋಗಿ ನೋಡುವುದಿಲ್ಲ. ಅದು ಓಣಿ ಹಿಡಿದು, ಬೀದಿಯ ನಲ್ಲಿ ದಾಟಿ, ಬೆಟ್ಟಯ್ಯನ ಮನೆಯ ಹೊಸ್ತಿಲನ್ನೂ ದಾಟಿತು.

ಆ ವಾರವೇ ಬೆಟ್ಟಯ್ಯ ಕಾರಿನ ಕೀಲಿಯನ್ನು ಕಮಲಮ್ಮನವರ ಮೇಜಿನ ಮೇಲಿಟ್ಟು ಬಂದ. ಯಾರೂ ಅವನನ್ನು ಕೆಲಸದಿಂದ ಬಿಡಿಸಲಿಲ್ಲ. "ಅಮ್ಮಾವ್ರೇ, ನಿಮ್ಮನ್ನ ಹಿಂದೆ ಕೂರಿಸ್ಕಂಡಿರೋವಾಗ ನನ್ನ ಕಾಲು ನನ್ನ ಮಾತು ಕೇಳ್ದಿದ್ರೆ ಏನು ಗತಿ" ಎಂದನಂತೆ. ಕಮಲಮ್ಮ ಒಂದೆರಡು ಸಲ ಬೇಡ ಎಂದರಂತೆ, ಮೂರನೆಯ ಸಲ ಅನ್ನಲಿಲ್ಲವಂತೆ. ಬೆಟ್ಟಯ್ಯ ಒಂದು ಕಲ್ಯಾಣ ಮಂಟಪದ ಗೇಟಿನಲ್ಲಿ ಕಾವಲಿಗೆ ಸೇರಿಕೊಂಡ. ಪಕ್ಕದ ಮನೆಯವರು ಆಟೋವನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಡಿ ಎಂದು ಕೇಳಿದರೂ, "ಬೇಡ ಬುಡಪ್ಪ, ಬೇರೆ ಯಾರನ್ನಾದ್ರೂ ಕರಿ" ಎನ್ನುತ್ತಿದ್ದ. ಮಂಟೇಸ್ವಾಮಿಗೆ ಇದೆಲ್ಲ ಕಿವಿಗೆ ಬಿತ್ತು. ವಯಸ್ಸಾದವರು ತಾವಾಗಿ ಬಿಡುವುದೇ ಒಳ್ಳೆಯದು ಎಂದುಕೊಂಡ. ಒಂದು ಅಪಘಾತ ತಪ್ಪಿಸಿದೆ ಎಂದು ಒಳಗೊಳಗೇ ಬೆನ್ನನ್ನೂ ತಟ್ಟಿಕೊಂಡಿರಬೇಕು.

ಹೀಗೆ ದಿನ ಹೋಗುತ್ತಿರಲಾಗಿ, ಮಳೆಗಾಲ ಮುಗಿಯುತ್ತ ಬಂದಾಗ ಅದೇ ಕಾರು ಮತ್ತೆ ಶೆಡ್ಡಿನ ಮುಂದೆ ಬಂದು ನಿಂತಿತು. ಇಳಿದವನು ಸಂಜಯ್, ಕರೆದಾಗ ಬಂದು ಗಾಡಿ ಓಡಿಸಿಕೊಟ್ಟು ಹೋಗುವ ಡ್ರೈವರ್. ಮದುವೆಯಾಗಿ ಎರಡು ಮಕ್ಕಳಿರುವ, ಮಾತಿನಲ್ಲಿ ಚುರುಕಾದ ಆಸಾಮಿ.

"ಅಣ್ಣ, ಬ್ರೇಕ್ ಹಾಕಿದ್ರೆ ಸ್ಟೇರಿಂಗು ಕೈಯಲ್ಲಿ ಡೊಳ್ಳು ಕುಣಿತ ಮಾಡ್ತದೆ."

ಮಂಟೇಸ್ವಾಮಿಯ ಬಾಯಿಗೆ ಹಳೆಯ ಮಾತೇ ಬಂತು. "ನೀನೂ ಬೆಟ್ಟ ಇಳಿಯೋವಾಗ ಬ್ರೇಕ್ ಮೇಲೇ ನಿಂತಿರ್ತೀಯ."

"ಯಾವ ಬೆಟ್ಟ? ಅಮ್ಮಾವ್ರಿಗೆ ಮಂಡಿ ನೋವು. ನಾನು ಬಂದಾಗಿಂದ ಈ ಕಾರು ಬೆಟ್ಟದ ಕಡೆ ಮುಖ ಹಾಕಿಲ್ಲ. ಆಸ್ಪತ್ರೆ, ಬ್ಯಾಂಕು, ಅವರ ತಂಗಿ ಮನೆ. ಅಷ್ಟೇ ಕಣಣ್ಣ ಇದರ ಪ್ರಪಂಚ."

ಮಂಟೇಸ್ವಾಮಿಯ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಬೆಟ್ಟವಿಲ್ಲ. ಬೆಟ್ಟಯ್ಯನಿಲ್ಲ. ನಡುಕ ಮಾತ್ರ ಇದೆ.

"ಬಿಟ್ಟು ಹೋಗು" ಎಂದ. "ನಾಳೆ ಹೇಳ್ತೀನಿ."

"ಏನಣ್ಣ, ಕೂತ ತಕ್ಷಣ ಹೇಳೋರು ನೀವು. ಇವತ್ತು ನಾಳೆ ಅಂತೀರಿ?"

"ಹೋಗು ಅಂದ್ನಲ್ಲಪ್ಪ."

ಅಂದು ಮಂಟೇಸ್ವಾಮಿ ತನ್ನ ಎರಡು ಬೆರಳನ್ನು ನಂಬಲಿಲ್ಲ. ರಿಂಗ್ ರೋಡಿನಲ್ಲಿ ಗಾಡಿ ಕಡಿಮೆ ಇರುವ ಕಡೆ ಹೋಗಿ ಸ್ವಲ್ಪ ವೇಗ ಹಿಡಿದು ಮೆಲ್ಲಗೆ ಬ್ರೇಕ್ ಒತ್ತಿದ. ಸ್ಟೇರಿಂಗು ಅದುರಿತು. ಬ್ರೇಕಿನಿಂದ ಕಾಲು ತೆಗೆದ, ನಡುಕ ನಿಂತಿತು. ಹಾಗಾದರೆ ಚಕ್ರದ ತೂಕದ್ದಲ್ಲ, ಟೈರಿನದಲ್ಲ. ಅವು ಕೆಟ್ಟಿದ್ದರೆ ಬ್ರೇಕ್ ಹಾಕದಿದ್ದರೂ ಅದುರಬೇಕಿತ್ತು. ಆಮೇಲೆ ಕಾಲು ಮುಟ್ಟಿಸದೆ ಕೈ ಬ್ರೇಕನ್ನು ಹದವಾಗಿ ಎಳೆದ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಕಾರು ತೆಪ್ಪಗೆ ನಿಧಾನವಾಯಿತು. ಹಿಂದಿನದೂ ಅಲ್ಲ. ಕಾಯಿಲೆ ಮುಂದೆಯೇ ಇದೆ.

ಶೆಡ್ಡಿಗೆ ಬಂದು ಜಾಕ್ ಕೊಟ್ಟು ಎತ್ತಿದ. ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ, ಬೇರಿಂಗು ಗಟ್ಟಿ. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್ ಬುಷ್ಷುಗಳಿಗೆ ಕಂಬಿ ಹಾಕಿ ಎಬ್ಬಿಸಿ ನೋಡಿದ, ಸವೆದಿಲ್ಲ. ಡಿಸ್ಕನ್ನು ಕಚ್ಚುವ ಕ್ಯಾಲಿಪರ್ ಅತ್ತಿತ್ತ ಸರಾಗವಾಗಿ ಜಾರುತ್ತಿತ್ತು. ಉಳಿದದ್ದು ಡಿಸ್ಕ್ ಒಂದೇ. ಬೀರುವಿನ ಮೂಲೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಮುಳ್ಳಿನ ಗೇಜನ್ನು ತೆಗೆದ. ಬೆರಳಿಗೆ ತಿಳಿಯದ ವಾಲಿಕೆಯನ್ನು ಮುಳ್ಳು ತೋರಿಸುತ್ತದೆ. ಇಷ್ಟು ವರ್ಷ ಅದನ್ನು ಹೊರಗೆ ತೆಗೆಯುವುದೆಂದರೆ ಅವನಿಗೆ ಕನ್ನಡಕ ಹಾಕಿಕೊಂಡಷ್ಟು ಅವಮಾನ.

ಎಡಗಡೆಯ ಡಿಸ್ಕಿಗೆ ಗೇಜು ತಾಗಿಸಿ ಕೈಯಲ್ಲಿ ತಿರುಗಿಸಿದ. ಮುಳ್ಳು ನಿದ್ದೆ ಹೋದ ಹಾಗಿತ್ತು. ಬಲಗಡೆಗೆ ಬಂದು ತಿರುಗಿಸಿದ. ಮುಳ್ಳು ಎದ್ದಿತು, ಬಿದ್ದಿತು. ಎದ್ದಿತು, ಬಿದ್ದಿತು. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ.

ಅವನು ಗಾಡಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬ್ರೇಕ್ ಪೆಡಲ್ ಒಂದೇ. ಅದನ್ನು ಒತ್ತಿದರೆ ಎಡಕ್ಕೂ ಬಲಕ್ಕೂ ಒಂದೇ ಒತ್ತಡ ಹೋಗುತ್ತದೆ. ಬೆಟ್ಟಯ್ಯನ ಕಾಲು ನಿಜವಾಗಿ ಭಾರವಾಗಿದ್ದರೆ ಎರಡೂ ಡಿಸ್ಕ್ ಸುಡಬೇಕಿತ್ತು. ಅವತ್ತೂ ಸುಟ್ಟದ್ದು ಬಲಗಡೆಯದೊಂದೇ. ಈ ಕಣ್ಣೇ ಅದನ್ನು ನೋಡಿತ್ತು.

ಬಲಗಡೆಯ ಡಿಸ್ಕನ್ನು ಬಿಚ್ಚಿ ಮಗುಚಿದ. ಚಕ್ರದ ನಡುವಿನ ಹಬ್‌ಗೆ ಅಂಟಿ ಕೂರುವ ಹಿಂಬದಿಯಲ್ಲಿ, ಕಾಸಿನಗಲ, ಕೆಂಪಗೆ, ಒಣಗಿ ಗಾರೆಯಂತೆ ಗಟ್ಟಿಯಾದ ಒಂದು ಬೊಟ್ಟು ಇತ್ತು. ಸುತ್ತ ತುಕ್ಕು ಹಿಡಿದು ಉಬ್ಬಿತ್ತು.

ಅದು ಅವನೇ ಇಟ್ಟ ಕುಂಕುಮ.

ಇಲ್ಲಿ ಅವನ ತಾಯಿ ಸಾಕಮ್ಮನ ಮಾತು ಹೇಳಬೇಕು. ನರಸೀಪುರದ ಕಡೆಯಿಂದ ಬಂದು, ಬುಟ್ಟಿಯಲ್ಲಿ ಸೊಪ್ಪು ಹೊತ್ತು ಮಾರಿ ಮಗನನ್ನು ಸಾಕಿದ ಹೆಂಗಸು. ಮಗ ಶೆಡ್ಡು ಹಾಕಿದ ದಿನ ಬಂದು ಹೇಳಿದ್ದಳು, "ಹೊಸ ಕಬ್ಬಿಣಾನ ಬರೀ ಹಣೇಲಿ ದುಡಿಮೆಗೆ ಕಳಿಸ್ಬಾರ್ದು ಮಗ. ಕುಡುಗೋಲಾಗ್ಲಿ, ಗುದ್ದಲಿಯಾಗ್ಲಿ, ಇಷ್ಟು ಕುಂಕುಮ ಇಟ್ಟು ಕಳಿಸು." ಮಂಟೇಸ್ವಾಮಿ ಆ ಮಾತನ್ನು ಮೀರಿದವನಲ್ಲ. ಡಿಸ್ಕಿನ ಮುಂಬದಿಗೆ ಇಟ್ಟರೆ ಬ್ರೇಕಿಗೆ ಮೆತ್ತುತ್ತದೆಂದು ಹಿಂಬದಿಗೆ, ಯಾರಿಗೂ ಕಾಣದ ಕಡೆ, ಒಂದು ಚಿಟಿಕೆ ಇಡುತ್ತಿದ್ದ. ಶುಭಕ್ಕೆ ಬಲವೇ ಮೊದಲಲ್ಲವೇ, ಬಲಗಡೆಯದಕ್ಕೆ ಮಾತ್ರ. ಒಣ ಕುಂಕುಮ ಕೈಯಿಂದ ಜಾರುವಷ್ಟರಲ್ಲಿ ಉದುರಿಹೋಗುತ್ತಿತ್ತು, ಯಾರಿಗೂ ಏನೂ ಆಗಲಿಲ್ಲ. ಸಾಕಮ್ಮ ಹೋದ ಮೇಲೆ ಅವನಿಗೆ ಅಮ್ಮನ ಮಾತು ಉದುರಿಹೋಗಬಾರದು ಎನ್ನಿಸಿತು. ಹೆಂಡತಿ ಧರಣಿಗೆ ಹೇಳಿ ಅರಿಶಿನಕ್ಕೆ ಸುಣ್ಣ ಕಲಸಿ, ಕೆಂಪು ಮಾಡಿ, ಅಂಟಿಕೊಂಡು ಕೂರುವ ಹಾಗೆ ಮಾಡಿಸಿಕೊಂಡ. ಕಮಲಮ್ಮನವರ ಕಾರಿಗೆ ಮೊದಲ ಸಲ ಡಿಸ್ಕ್ ಹಾಕಿದ್ದು ಅದಾದ ಮೇಲೆ. ಎರಡನೆಯ ಸಲವೂ ಇಟ್ಟದ್ದು ಅದೇ ಬೊಟ್ಟು.

ಆ ಬೊಟ್ಟಿನ ದಪ್ಪ ಎಷ್ಟೆನ್ನುತ್ತೀರಿ? ಕೂದಲೆಳೆಯಷ್ಟು. ಅಷ್ಟಕ್ಕೇ ಡಿಸ್ಕ್ ಒಂದು ಪಕ್ಕಕ್ಕೆ ವಾಲಿ ಕೂರುತ್ತದೆ. ಹಾಕಿದ ದಿನ ಏನೂ ತಿಳಿಯುವುದಿಲ್ಲ. ತಿರುಗುತ್ತ ತಿರುಗುತ್ತ ವಾಲಿದ ಜಾಗ ಪ್ರತಿ ಸುತ್ತಿಗೂ ಬ್ರೇಕಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ತಿಂಗಳುಗಳ ಮೇಲೆ ಡಿಸ್ಕ್ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆಗ ನಡುಕ ಬರುತ್ತದೆ. ಅಷ್ಟು ಹೊತ್ತಿಗೆ ಹಾಕಿದವನ ಕೈ ಯಾರಿಗೂ ನೆನಪಿರುವುದಿಲ್ಲ, ಓಡಿಸುವವನ ಕಾಲು ಎಲ್ಲರಿಗೂ ಕಾಣುತ್ತದೆ.

ಮಂಟೇಸ್ವಾಮಿ ಬೊಟ್ಟನ್ನು ಕೆರೆದ. ಉಗುರಿನಲ್ಲಿ ಕೆರೆದರೆ ಬರಲಿಲ್ಲ, ಉಪ್ಪು ಕಾಗದ ಬೇಕಾಯಿತು. ಹಬ್‌ನ ಮುಖವನ್ನು ಹೊಳೆಯುವ ಹಾಗೆ ಉಜ್ಜಿದ. ಡಿಸ್ಕನ್ನು ಲೇತಿನವನ ಹತ್ತಿರ ಒಯ್ದು ಸಮ ಮಾಡಿಸಿ ತಂದು ಕೂರಿಸಿದ. ಗೇಜು ತಾಗಿಸಿ ತಿರುಗಿಸಿದ. ಮುಳ್ಳು ಮಲಗಿತ್ತು. ಬೇರೆ ದಿನವಾಗಿದ್ದರೆ ಅವನು ಮೀಸೆಯಲ್ಲಿ ನಗುತ್ತಿದ್ದ. ಇವತ್ತು ಗೇಜನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ.

ಕಾರನ್ನು ಒಪ್ಪಿಸಲು ಜಯಲಕ್ಷ್ಮಿಪುರಂಗೆ ಅವನೇ ಹೋದ. ಹೇಳಿಬಿಡಬೇಕು ಎಂದುಕೊಂಡೇ ಹೋದ. ಕಮಲಮ್ಮ ಮಂಡಿಗೆ ಬಿಸಿ ನೀರಿನ ಚೀಲ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು.

"ಏನಾಗಿತ್ತು ಮಂಟೇಸ್ವಾಮಿ?"

"ಪಾರ್ಟಲ್ಲೇ ಏನೋ ದೋಷ ಇತ್ತು ಕಣಮ್ಮ."

ಬಾಯಿಂದ ಬಂದದ್ದು ಅದು. ಕಮಲಮ್ಮ ಬಿಸಿ ನೀರಿನ ಚೀಲವನ್ನು ಪಕ್ಕಕ್ಕಿಟ್ಟರು. "ಹಾಗಾದರೆ ಬೆಟ್ಟಯ್ಯಂದು? ಆಗಲೂ ಪಾರ್ಟಿನದೇ ದೋಷವೇನೋ?"

"ಅದು... ಅವರದ್ದೂ ಸ್ವಲ್ಪ ಇತ್ತಮ್ಮ" ಎಂದ ಮಂಟೇಸ್ವಾಮಿ.

ಕೀಲಿ ಕೊಟ್ಟು ಗೇಟಿನಿಂದ ಹೊರಗೆ ಬಂದ ಮೇಲೆ ಅವನಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು. ಮೊದಲನೆಯದು ತಿಳಿಯದೆ ಆಡಿದ ಮಾತು. ಇದು ತಿಳಿದು ತಿಳಿದೂ ಆಡಿದ್ದು. ಮೊದಲನೆಯ ಸಲ ಬೆಟ್ಟಯ್ಯ ಎದುರಿಗಾದರೂ ಇದ್ದ, ಇಲ್ಲ ಎನ್ನಲಿಕ್ಕೆ.

ಮನೆಯಲ್ಲಿ ಧರಣಿ ಅರಿಶಿನಕ್ಕೆ ಸುಣ್ಣ ಕಲಸುತ್ತಿದ್ದಳು. ಶುಕ್ರವಾರಕ್ಕೆ ಡಬ್ಬಿ ತುಂಬಿಸುವುದು ಅವಳ ಕೆಲಸ. "ಇನ್ನು ಬೇಡ ಬುಡು" ಎಂದ. ಯಾಕೆಂದು ಕೇಳಿದ್ದಕ್ಕೆ ಇಲ್ಲದ ಕಥೆ ಹೇಳಲು ಹೋಗಿ, ಆಗದೆ, ಇದ್ದದ್ದನ್ನೇ ಹೇಳಿದ. ಕಮಲಮ್ಮನವರ ಜಗಲಿಯಲ್ಲಿ ಹೇಳಿದ ಸುಳ್ಳನ್ನೂ ಹೇಳಿದ.

ಧರಣಿ ಬೆರಳಿನ ಕೆಂಪನ್ನು ಸೆರಗಿಗೆ ಒರೆಸಿಕೊಂಡಳು. "ಕಬ್ಬಿಣಕ್ಕೆ ಹಚ್ಚಿದ್ದನ್ನ ಉಪ್ಪು ಕಾಗದದಲ್ಲಿ ಉಜ್ಜಿದ್ರಿ. ಬೆಟ್ಟಣ್ಣಂಗೆ ಹಚ್ಚಿದ್ದನ್ನ ಯಾವುದರಲ್ಲಿ ಉಜ್ಜುತೀರಿ?"

"ಅದನ್ನೇ ಕಣೇ ಯೋಚ್ನೆ ಮಾಡ್ತಿರೋದು."

"ಯೋಚ್ನೆ ಮಾಡೋದೇನಿದೆ? ಅವರ ಮನೆ ಎರಡು ಬೀದಿ ಆಚೆಗಿದೆ. ಗೂಗಲ್ ಮ್ಯಾಪ್ ಬೇಕಾ?"

ಮಾರನೆಯ ಬೆಳಿಗ್ಗೆ ಮಂಟೇಸ್ವಾಮಿ ಹೋದಾಗ ಬೆಟ್ಟಯ್ಯನ ಹೆಂಡತಿ ಪುಟ್ಟಲಿಂಗಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ತಲೆ ಎತ್ತಿ ನೋಡಿ, ಎಳೆಯುತ್ತಿದ್ದ ಗೆರೆಯನ್ನು ಪೂರ್ತಿ ಎಳೆದು ಮುಗಿಸಿದ ಮೇಲೇ ಮಾತಾಡಿದಳು.

"ಏನಪ್ಪ ಪಂಡಿತ್ರು ಬಂದ್ಬುಟ್ರಿ? ಇನ್ನೊಂದು ಕಾಲೂ ಭಾರ ಆಗದೆ ಅಂತ ಹೇಳಕ್ಕಾ?"

"ಅಕ್ಕ, ಅಣ್ಣನ ಹತ್ರ ಮಾತಾಡ್ಬೇಕಿತ್ತು."

"ಒಳಗೇ ಅವ್ರೆ. ಕಾಲು ನೋಡ್ಕಂಡು ಕೂತಿರ್ತಾರೆ, ಹೋಗು. ಕೆಲ್ಸದಿಂದ ಬಂದ್ರೆ ಅದೇ ಕೆಲ್ಸ. ಗೋಡೆಗೆ ಪಾದ ಒತ್ತೋದು, ಬಿಡೋದು. ಒತ್ತೋದು, ಬಿಡೋದು. ಭಾರ ಆಯ್ತಾ ಪುಟ್ಟಿ ಅಂತ ನನ್ನ ಕೇಳ್ತಾರೆ. ನಾನೇನು ತಕ್ಕಡಿಯಾ?"

ಒಳಗೆ ಬೆಟ್ಟಯ್ಯ ಚಾಪೆಯ ಮೇಲೆ ಕೂತಿದ್ದ. ಇಸ್ತ್ರಿಯಿಲ್ಲದ ಅಂಗಿಯಲ್ಲಿ ಅವನನ್ನು ಮಂಟೇಸ್ವಾಮಿ ನೋಡಿದ್ದು ಅದೇ ಮೊದಲು. ನಿಂತುಕೊಂಡೇ, ಉಸಿರು ಬಿಡದೆ, ಎಲ್ಲವನ್ನೂ ಹೇಳಿ ಮುಗಿಸಿದ. ಕುಂಕುಮ, ಸುಣ್ಣ, ವಾಲಿದ ಡಿಸ್ಕ್, ಬಲಗಡೆ, ಎಡಗಡೆ.

ಬೆಟ್ಟಯ್ಯ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ ಮಂಟೇಸ್ವಾಮಿ.

"ಕೂತ್ಕ ಮಂಟೇಸ" ಎಂದ ಬೆಟ್ಟಯ್ಯ. "ನೀನು ಒಳ್ಳೇವ್ನು. ನಿಮ್ಮವ್ವನೂ ಅಂಗೇ ಇದ್ಲು, ಯಾರ ಮನಸ್ಸಿಗೂ ನೋವಾಗ್ಬಾರ್ದು ಅನ್ನೋಳು. ನನ್ನ ಸಮಾಧಾನಕ್ಕೆ ಅಂತ ಇಷ್ಟು ದೊಡ್ಡ ಕಥೆ ಕಟ್ಕಂಡು ಬಂದಿದೀಯ."

"ಕಥೆಯಲ್ಲಣ್ಣ. ನಿಜ."

"ಕುಂಕುಮ ಇಟ್ರೆ ಗಾಡಿ ಅದುರ್ತದಾ? ಆಯುಧಪೂಜೇಲಿ ಊರೆಲ್ಲ ಗಾಡಿಗೆ ಕುಂಕುಮ ಬಳೀತದೆ. ಬುಡು. ವಯಸ್ಸಾಯ್ತು, ಕಾಲು ಹೋಯ್ತು. ನೀನು ಹೇಳ್ದಾಗ ನಂಗೂ ಬೇಜಾರಾಗಿತ್ತು. ಆಮೇಲೆ ನೋಡ್ಕಂಡೆ. ಹೌದು, ಮೊದಲ್ನಂಗಿಲ್ಲ."

"ಇದೆ ಅಣ್ಣ. ಮೊದಲ್ನಂಗೇ ಇದೆ."

"ನಿಂಗೇನು ಗೊತ್ತು ನನ್ನ ಕಾಲು" ಎಂದ ಬೆಟ್ಟಯ್ಯ, ಒಂದು ಚೂರೂ ಕೊಂಕಿಲ್ಲದೆ.

ಮಂಟೇಸ್ವಾಮಿ ಬೀದಿಗೆ ಬಂದ. ಸುಳ್ಳು ಹೇಳಿದಾಗ ಊರು ನಂಬಿತು, ಬೆಟ್ಟಯ್ಯನೂ ನಂಬಿದ. ನಿಜ ಹೇಳಿದರೆ ಅದನ್ನು ಕನಿಕರ ಎನ್ನುತ್ತಾನೆ. ಸೀಟು ಕಸಿದದ್ದಾದರೆ ಸೀಟು ಕೊಡಿಸಬಹುದಿತ್ತು. ಆ ಮನುಷ್ಯನಿಗೆ ತನ್ನ ಕಾಲಿನ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡ ಮೇಲೆ, ಅದನ್ನು ಯಾವ ಅಂಗಡಿಯಿಂದ ತರುವುದು?

ಅಲ್ಲಿಂದ ನೇರವಾಗಿ ಜಯಲಕ್ಷ್ಮಿಪುರಂಗೆ ನಡೆದ. ಜಗಲಿಯ ಮೇಲೆ ಕೂರು ಎಂದರೂ ಕೂರಲಿಲ್ಲ.

"ಅಮ್ಮ, ನಾನು ನಿನ್ನೆ ಸುಳ್ಳು ಹೇಳ್ದೆ. ಪಾರ್ಟಲ್ಲಿ ದೋಷ ಇರ್ಲಿಲ್ಲ. ಬೆಟ್ಟಣ್ಣಂದೂ ಏನೂ ಇರ್ಲಿಲ್ಲ. ಎರಡು ಸಲಾನೂ ನಂದೇ."

ಪೂರ್ತಿ ಕೇಳಿಸಿಕೊಂಡ ಕಮಲಮ್ಮನವರಿಗೆ ಮೊದಲು ಅರ್ಥವೇ ಆಗಲಿಲ್ಲ. "ಏನ್ರೀ ಇದು, ಒಂದು ಬೊಟ್ಟು ಕುಂಕುಮಕ್ಕಾ?" ಎಂದರು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಿಂದಿನ ಸೀಟಿನಲ್ಲಿ ಕೂತಿದ್ದವಳು ನಾನು. ಸೆಕೆಂಡ್ ಗೇರಿನಲ್ಲಿ ಇಂಜಿನ್ ಹೇಗೆ ಗುಂಯ್‌ಗುಡುತ್ತೆ ಅಂತ ಪ್ರತಿ ಶುಕ್ರವಾರ ಕೇಳಿಸಿಕೊಂಡಿದ್ದೆ. ಅವನು ಹೇಳಿದ್ದು ನಿಜ ಅಂತ ಅವತ್ತು ಒಂದು ಮಾತು ಹೇಳಬಹುದಿತ್ತು. ನೀವು ಮೆಕ್ಯಾನಿಕ್ಕು, ನಿಮಗೆ ಗೊತ್ತಿರುತ್ತೆ ಅಂತ ಸುಮ್ಮನಾದೆ."

ಮಂಟೇಸ್ವಾಮಿಗೆ ಅದು ಇನ್ನೂ ಭಾರವಾಯಿತು. ತನ್ನ ಹೆಸರೇ ಆಕೆಯ ಬಾಯಿಯನ್ನೂ ಮುಚ್ಚಿಸಿತ್ತು.

"ಕಾರು ಒಂದು ದಿನದ ಮಟ್ಟಿಗೆ ಕೊಡಿ ಅಮ್ಮ. ಅವರ ಕೈಲಿ ಬೆಟ್ಟ ಇಳಿಸ್ಬೇಕು."

"ತಗೊಂಡು ಹೋಗಿ. ಅವನು ಬಂದರೆ ನನ್ನ ಬಾಗಿಲು ತೆಗೆದೇ ಇರುತ್ತೆ ಅನ್ನಿ. ಬೇಡ, ನೀವೇನೂ ಅನ್ನಬೇಡಿ. ನೀವು ಒಂದು ಸಲ ಅಂದಿದ್ದು ಸಾಕು."

ಮಂಟೇಸ್ವಾಮಿ ತಲೆ ತಗ್ಗಿಸಿ ಕೀಲಿ ತೆಗೆದುಕೊಂಡ.

ಕಾರು ಮನೆಯ ಮುಂದೆ ನಿಂತಾಗ ಬೆಟ್ಟಯ್ಯ ಹೊರಗೆ ಬಂದ. ಬಾನೆಟ್ಟಿನ ಮೇಲೆ ಕೈಯಿಟ್ಟ, ದೂರದೂರಿನಿಂದ ಬಂದ ಎತ್ತಿನ ಬೆನ್ನು ಮುಟ್ಟಿದ ಹಾಗೆ. ಕೀಲಿ ನೀಡಿದರೆ ಮಾತ್ರ ಕೈ ಹಿಂದಕ್ಕೆ ಹೋಯಿತು.

"ಬ್ಯಾಡ ಮಂಟೇಸ. ಹಟ ಮಾಡ್ಬೇಡ."

"ಒಂದೇ ಸಲ ಅಣ್ಣ. ನಾನು ಪಕ್ಕದಲ್ಲಿರ್ತೀನಿ."

"ಬ್ಯಾಡ ಅಂದೆ. ಬೆಟ್ಟದ ತಿರುವಲ್ಲಿ ಯಾವುದಾದ್ರೂ ಮಗು ಅಡ್ಡ ಬಂದ್ರೆ?"

ಅಷ್ಟರಲ್ಲಿ ಹಿಂದಿನ ಬಾಗಿಲು ಧಡ್ ಎಂದು ಮುಚ್ಚಿದ ಸದ್ದಾಯಿತು. ನೋಡಿದರೆ ಪುಟ್ಟಲಿಂಗಮ್ಮ ಒಳಗೆ ಕೂತಿದ್ದಾಳೆ. ಒಗೆದ ಸೀರೆ, ಮುಡಿಯಲ್ಲಿ ಹೂವು. ಯಾವಾಗ ಉಟ್ಟಳೋ, ಯಾವಾಗ ಮುಡಿದಳೋ.

"ಇದೇನೇ ಪುಟ್ಟಿ?"

"ಅಮ್ಮಾವ್ರನ್ನ ವಾರವಾರ ಬೆಟ್ಟಕ್ಕೆ ಕರ್ಕಂಡು ಹೋದ್ರಲ್ಲ, ನನ್ನ ಒಂದ್ ದಿನನಾದ್ರೂ ಈ ಸೀಟಲ್ಲಿ ಕೂರಿಸಿದ್ರಾ? ನಾನು ಸಿಟಿ ಬಸ್ಸಲ್ಲಿ ನಿಂತ್ಕಂಡು ಹೋಗಿ ತಾಯಿನ ನೋಡ್ದೋಳು. ಇವತ್ತು ಕಾರು ಬಂದದೆ. ನಡೀರಿ."

"ನನ್ನ ಕಾಲು..."

"ಆ ಕಾಲಿನ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿವ್ನಿ. ಬೀಳ್ಸೋದಾಗಿದ್ರೆ ಯಾವತ್ತೋ ಬೀಳಿಸ್ತಿತ್ತು. ಹತ್ತಿ."

ಬೀದಿಯವರು ಒಬ್ಬೊಬ್ಬರೇ ಬಾಗಿಲಿಗೆ ಬರುತ್ತಿದ್ದರು. ಬೆಟ್ಟಯ್ಯ ಒಳಗೆ ಹೋದ. ಬಂದಾಗ ಅಂಗಿ ಬದಲಾಗಿತ್ತು.

ಊರೊಳಗೆ ಅವನು ಕಾರನ್ನು ಮೊಟ್ಟೆ ತುಂಬಿದ ಬುಟ್ಟಿಯ ಹಾಗೆ ಒಯ್ದ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಮಂಟೇಸ್ವಾಮಿ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದ. ಹಿಂದೆ ಪುಟ್ಟಲಿಂಗಮ್ಮ ಮಾತ್ರ ಕಿಟಕಿಯ ಗಾಜು ಇಳಿಸುವುದು ಹೇಗೆ, ಏರಿಸುವುದು ಹೇಗೆ ಎಂದು ಕಲಿಯುತ್ತಿದ್ದಳು. ಬೆಟ್ಟ ಹತ್ತಿದರು. ಗುಡಿಯಲ್ಲಿ ಪುಟ್ಟಲಿಂಗಮ್ಮ ಕೈ ಮುಗಿದು ಬಹಳ ಹೊತ್ತು ನಿಂತಳು. ಮಂಟೇಸ್ವಾಮಿಗೆ ಏನು ಬೇಡಬೇಕೋ ತಿಳಿಯಲಿಲ್ಲ. ಡಿಸ್ಕ್ ಸರಿಯಾಗಿದೆ, ಅದು ಅವನಿಗೆ ಗೊತ್ತು. ಈ ಮನುಷ್ಯನ ಕಾಲಿಗೆ ಅದು ತಿಳಿಯಲಿ ತಾಯಿ ಎಂದಷ್ಟೇ ಅಂದುಕೊಂಡ.

ಇಳಿಯುವಾಗ ಬೆಟ್ಟಯ್ಯ ಗೇರನ್ನು ಎರಡಕ್ಕೆ ಹಾಕಿದ. ಇಂಜಿನ್ ಗುಂಯ್‌ಗುಟ್ಟಿತು. ಕಮಲಮ್ಮ ಹೇಳಿದ್ದ ಅದೇ ಸದ್ದು. ಮೊದಲ ತಿರುವಿಗೆ ಬ್ರೇಕನ್ನು ಹೂವು ಮುಟ್ಟಿದ ಹಾಗೆ ಮುಟ್ಟಿ ಬಿಟ್ಟ. ಎರಡನೆಯದಕ್ಕೂ ಹಾಗೇ. ಅವನ ಬೆರಳುಗಳು ಸ್ಟೇರಿಂಗನ್ನು ಹಿಡಿದದ್ದಕ್ಕಿಂತ ಹೆಚ್ಚಾಗಿ, ನಡುಕ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತಿದ್ದವು. ಕೆಳಗಿನ ಒಂದು ತಿರುವಿನಲ್ಲಿ ಪ್ರವಾಸಿಗರ ಬಸ್ಸೊಂದು ಅರ್ಧ ರಸ್ತೆ ನುಂಗಿಕೊಂಡು ಮೇಲೆ ಬಂತು. ಯೋಚಿಸಲು ಹೊತ್ತಿರಲಿಲ್ಲ. ಬೆಟ್ಟಯ್ಯನ ಕಾಲು ತಾನಾಗಿ ಇಳಿಯಿತು, ಎಷ್ಟು ಬೇಕೋ ಅಷ್ಟೇ. ಕಾರು ಬೆಟ್ಟದ ಗೋಡೆಯ ಮಗ್ಗುಲಿಗೆ ಸರಿದು, ಮುಗ್ಗರಿಸದೆ, ಅದುರದೆ, ನಿಂತಿತು. ಹಿಂದಿನ ಸೀಟಿನಲ್ಲಿ ಪುಟ್ಟಲಿಂಗಮ್ಮನ ಮಡಿಲಿನ ಪ್ರಸಾದದ ಎಲೆ ಜಾರಲಿಲ್ಲ.

ಬಸ್ಸು ಹೋದ ಮೇಲೂ ಬೆಟ್ಟಯ್ಯ ಹೊರಡಲಿಲ್ಲ. ಕೈಯೆತ್ತಿ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಕೆಳಗೆ, ಪೆಡಲಿನ ಮೇಲಿದ್ದ ಕಾಲನ್ನು ನೋಡಿದ. ನಿಟ್ಟುಸಿರು ಬಿಟ್ಟು ಗೇರು ಹಾಕಿದ. ಉಳಿದ ಬೆಟ್ಟವನ್ನು ಇಳಿದದ್ದು ಹಳೆಯ ಬೆಟ್ಟಯ್ಯ.

ಬೆಟ್ಟದ ಬುಡದ ತಾವರೆಕಟ್ಟೆಯ ಹತ್ತಿರ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಮುಂದೆಯೇ ನೋಡುತ್ತ ಹೇಳಿದ.

"ಅವತ್ತು ನಾನು ಹೇಳಿದ್ದೆ. ಸೆಕೆಂಡ್ ಗೇರು ಅಂತ."

"ಹೇಳಿದ್ರಿ ಅಣ್ಣ."

"ನೀನು ಕೇಳ್ಲಿಲ್ಲ."

"ಕೇಳ್ಲಿಲ್ಲ."

"ಕಾಲು ಭಾರ ಅಂದೆ. ನಾನೂ ನಂಬ್ಬುಟ್ಟೆ." ಬೆಟ್ಟಯ್ಯನ ದನಿ ಈಗ ಏರಿತು. ಆ ಬೆಳಿಗ್ಗೆ ಬಾರದ ಸಿಟ್ಟು ಈಗ ಬಂತು. "ಗೋಡೆಗೆ ಕಾಲು ಒತ್ತಿ ಒತ್ತಿ ನೋಡ್ಕಂಡೆ ಕಣಯ್ಯ ನಾನು. ಹುಚ್ಚನಂಗೆ. ಟೀ ಅಂಗ್ಡಿ ಮುಂದೆ ಹೋಗಕ್ಕೆ ನಾಚ್ಕೆಯಾಗಿ ಆ ಕಡೆ ಬೀದಿ ಸುತ್ಕಂಡು ಕೆಲ್ಸಕ್ಕೆ ಹೋದೆ."

ಮಂಟೇಸ್ವಾಮಿ ಕಾಲಿಗೆ ಬೀಳಲು ಬಗ್ಗಿದ. ಕಾರಿನೊಳಗೆ ಅದು ಆಗುವ ಕೆಲಸವಲ್ಲ, ತಲೆ ಡ್ಯಾಶ್‌ಬೋರ್ಡಿಗೆ ಬಡಿಯಿತು.

"ಸಾಕು ಬುಡು, ತಲೆ ಒಡ್ಕಂಡೀಯ" ಎಂದಳು ಪುಟ್ಟಲಿಂಗಮ್ಮ ಹಿಂದಿನಿಂದ.

"ಇಳಿ ಮಂಟೇಸ" ಎಂದ ಬೆಟ್ಟಯ್ಯ.

"ಅಣ್ಣ?"

"ಇಳಿ. ನಾನು ಅಮ್ಮಾವ್ರ ಮನೆಗೆ ಹೋಗ್ತೀನಿ. ನೀನು ಪಕ್ಕದಲ್ಲಿದ್ರೆ ನೀನು ಶಿಫಾರಸು ಮಾಡಿ ಕರ್ಕಂಡು ಬಂದಂಗಾಗ್ತದೆ. ನಾನೇ ಹೋಗ್ಬೇಕು. ನೀನು ನಾಳೆ ಟೀ ಅಂಗ್ಡಿಗೆ ಬಾ. ಅವತ್ತು ಇದ್ದೋರೆಲ್ಲ ಇರೋವಾಗ ಬಾ. ನಾನೂ ಬರ್ತೀನಿ. ಅಲ್ಲಿ ಮಾತಾಡು."

"ಬರ್ತೀನಿ" ಎಂದ ಮಂಟೇಸ್ವಾಮಿ. ಕ್ಷಮಿಸಿದಿರಾ ಎಂದು ಕೇಳಲು ಬಾಯಿ ತೆರೆದ. ಕೇಳಲಿಲ್ಲ. ಅದನ್ನು ಕೇಳುವುದೂ ಬೆಟ್ಟಯ್ಯನ ಮೇಲೆ ಇನ್ನೊಂದು ಹೊರೆ ಹೊರಿಸಿದ ಹಾಗೆ ಎನ್ನಿಸಿತು. ಇಳಿದು ಬಾಗಿಲು ಹಾಕಿದ.

ಪುಟ್ಟಲಿಂಗಮ್ಮ ಕಿಟಕಿಯ ಗಾಜು ಇಳಿಸಿ, ಎಲೆಯಿಂದ ಒಂದು ಚೂರು ಪ್ರಸಾದ ಮುರಿದು ಅವನ ಕೈಗೆ ಹಾಕಿದಳು. ಕಾರು ಹೊರಟಿತು. ಮುಂದಿನ ಸರ್ಕಲ್ಲಿನಲ್ಲಿ ಯಾರೋ ಸ್ಕೂಟರಿನವರು ಅಡ್ಡ ಬಂದಿರಬೇಕು, ಹಿಂದಿನ ಕೆಂಪು ದೀಪಗಳು ಚಣ ಹೊತ್ತು ಉರಿದು ಆರಿದವು. ಕಾರು ಅಲುಗದೆ ತಿರುಗಿ ಊರಿನ ಕಡೆ ಹೋಯಿತು.

ಮಂಟೇಸ್ವಾಮಿ ಬಸ್ಸಿಗೆ ಕಾಯಲಿಲ್ಲ. ಪ್ರಸಾದವನ್ನು ಅಂಗೈಯಲ್ಲೇ ಹಿಡಿದುಕೊಂಡು, ನಾಳೆ ಆ ಬೆಂಚಿನ ಮುಂದೆ ಮೊದಲ ಮಾತು ಏನು ಆಡುವುದೆಂದು ಯೋಚಿಸುತ್ತ, ಕುಂಬಾರಕೊಪ್ಪಲಿನ ತನಕವೂ ನಡೆದೇ ಹೋದ.